ಮಾಯಾ, ಅಜ್ಟೆಕ್, ಇಂಕಾ: ಮೂರು ನಾಗರಿಕತೆಗಳ ಏಳುಬೀಳನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕ್ರಮ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುವವರನ್ನು, ಹಾಗೂ ಮಕ್ಕಳನ್ನು ರಸಪ್ರಶ್ನೆಗೋ ಶಾಸ್ತ್ರೋತ್ಸವದ ಮಾದರಿ ಪ್ರದರ್ಶನಕ್ಕೋ ಸಿದ್ಧಗೊಳಿಸುವ ಹೆತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ. ಅಮೆರಿಕ ಖಂಡಗಳ ಹಳೆಯ ನಾಗರಿಕತೆಗಳ ವಿಷಯ ಬಂದಾಗಲೆಲ್ಲ ಉತ್ತರಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ವಾಕ್ಯ ಕಾಣಿಸುತ್ತದೆ: "ಮಾಯಾ, ಇಂಕಾ ಮತ್ತು ಅಜ್ಟೆಕ್ ನಾಗರಿಕತೆಗಳು ಬಹಳ ಮುಂದುವರಿದಿದ್ದವು, ಅವುಗಳನ್ನು ಸ್ಪೇನಿನವರು ನಾಶಮಾಡಿದರು." ಇದಕ್ಕೆ ಅಂಕ ಸಿಕ್ಕರೂ ಸಿಗಬಹುದು. ಆದರೆ ಹೆಸರಾಂತ ಮಾಯಾ ನಗರಗಳಲ್ಲಿ ಬಹುಪಾಲು ಸ್ಪೇನಿನವರು ಬರುವುದಕ್ಕೆ ಆರುನೂರು ವರ್ಷ ಮೊದಲೇ ಕಾಡುಪಾಲಾಗಿದ್ದವು. ಅಜ್ಟೆಕ್ ರಾಜಧಾನಿಯನ್ನು ಮುತ್ತಿದ ಸೈನ್ಯದಲ್ಲಿ ಸ್ಪೇನಿನವರಿಗಿಂತ ಆ ನಾಡಿನವರೇ ಎಷ್ಟೋ ಪಟ್ಟು ಹೆಚ್ಚಿದ್ದರು. ಇಂಕಾ ಸಾಮ್ರಾಜ್ಯವಂತೂ ಸ್ಪೇನಿನ ದಂಡನಾಯಕ ಪಿಸಾರೊ ಬೆಟ್ಟ ಹತ್ತುವ ಹೊತ್ತಿಗೆ ಅಣ್ಣತಮ್ಮಂದಿರ ಕಾಳಗದಲ್ಲಿ ಒಡೆದುಹೋಗಿತ್ತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸವನ್ನು ಬಿಡಿಸಿ, ಯಾವುದು ಯಾವಾಗ ಎದ್ದಿತು, ಯಾರ ಕೈಯಿಂದ, ಯಾವ ಕಾರಣಕ್ಕೆ ಬಿತ್ತು ಎಂಬುದನ್ನು ಬೇರೆಬೇರೆಯಾಗಿ ಮನದಟ್ಟು ಮಾಡಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ಹಗ್ಗ, ಆಮೇಲೆ ಕಥೆ

ಕಥೆ ಹೇಳುವ ಮೊದಲು ತರಗತಿಯ ಗೋಡೆಗೆ ಉದ್ದಕ್ಕೂ ಒಂದು ಹುರಿಹಗ್ಗ ಕಟ್ಟಿಸಿರಿ. ಒಂದು ಶತಮಾನಕ್ಕೆ ಒಂದು ಗೇಣು ಎಂದು ಲೆಕ್ಕ ಹಿಡಿದರೆ ಕ್ರಿ.ಪೂ. 500ರಿಂದ ಕ್ರಿ.ಶ. 1700ರವರೆಗೆ ಇಪ್ಪತ್ತೆರಡು ಗೇಣು ಸಾಕಾಗುತ್ತದೆ. ಸಾಧಾರಣ ತರಗತಿಯ ಗೋಡೆ ಇದಕ್ಕೆ ಸಾಲುತ್ತದೆ. ಹಗ್ಗದ ಕೆಳಬದಿಗೆ ಆ ನಾಡುಗಳ ಚೀಟಿಗಳನ್ನೂ ಮೇಲ್ಬದಿಗೆ ನಮ್ಮ ನಾಡಿನ ಚೀಟಿಗಳನ್ನೂ ಸಿಕ್ಕಿಸಬೇಕು. ಮಾಯಾ ನಾಗರಿಕತೆಯ ಉಚ್ಛ್ರಾಯ ಕಾಲವೆಂದು ಇತಿಹಾಸಕಾರರು ಗುರುತಿಸುವ ಕ್ರಿ.ಶ. 250ರಿಂದ 900ರವರೆಗಿನ ಅವಧಿಗೆ ಆರೂವರೆ ಗೇಣು ಹಗ್ಗ ಬೇಕು, ಅದಕ್ಕೂ ಎಡಕ್ಕೆ ಎಲ್ ಮಿರಾದೋರ್‌ನಂತಹ ಇನ್ನೂ ಹಳೆಯ ನಗರಗಳಿಗೆ ಜಾಗ ಬಿಡಬೇಕು. ಅಜ್ಟೆಕ್ ಸಾಮ್ರಾಜ್ಯಕ್ಕೆ 1428ರಿಂದ 1521, ಇಂಕಾ ಸಾಮ್ರಾಜ್ಯದ ವಿಸ್ತರಣೆಗೆ 1438ರಿಂದ 1532 ಎಂದು ಗುರುತು ಹಾಕಿದರೆ ಎರಡಕ್ಕೂ ಪೂರಾ ಒಂದು ಗೇಣೂ ಬರುವುದಿಲ್ಲ. ಪುಸ್ತಕದಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಬರುವ ಮೂರು ಹೆಸರುಗಳಲ್ಲಿ ಒಂದು ಸಾವಿರಾರು ವರ್ಷಗಳದ್ದು, ಉಳಿದೆರಡು ಮೂರುನಾಲ್ಕು ತಲೆಮಾರುಗಳದ್ದು ಎಂಬುದನ್ನು ಮಕ್ಕಳು ಇಲ್ಲಿ ಕೈಯಿಂದ ಅಳೆದೇ ತಿಳಿಯುತ್ತಾರೆ. ಅದನ್ನು ಬಾಯಿಯಿಂದ ಹೇಳಿ ತಿಳಿಸುವುದು ಕಷ್ಟ.

ಮೇಲ್ಬದಿಯ ಚೀಟಿಗಳನ್ನು ಆರಿಸುವಾಗ ಸ್ವಲ್ಪ ಯೋಚಿಸಬೇಕು. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲದಲ್ಲೇ, 615ರಲ್ಲಿ, ಪಾಲೆಂಕೆ ಎಂಬ ಮಾಯಾ ನಗರದಲ್ಲಿ ಪಕಾಲ್ ಎಂಬ ಹನ್ನೆರಡು ವರ್ಷದ ಹುಡುಗ ಪಟ್ಟಕ್ಕೆ ಬಂದ. ನಮ್ಮ ಜಿಲ್ಲೆಯ ಗೋಡೆ ಕ್ಯಾಲೆಂಡರುಗಳಲ್ಲೆಲ್ಲ ಇರುವ ಕೊಲ್ಲವರ್ಷದ ಎಣಿಕೆ 825ರಲ್ಲಿ ಆರಂಭವಾದದ್ದು. ಕೊಪಾನ್ ಎಂಬ ಮಾಯಾ ನಗರದ ಕೊನೆಯ ಶಿಲಾಸ್ಮಾರಕದಲ್ಲಿರುವ ತೇದಿ 822ರದು. ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಥಾಪನೆಯಾದದ್ದು ಅವರ ಪರಂಪರೆಯ ಪ್ರಕಾರ 1325ರಲ್ಲಿ, ವಿಜಯನಗರದ್ದು 1336ರಲ್ಲಿ. ಕೃಷ್ಣದೇವರಾಯ ರಾಯಚೂರನ್ನು ಗೆದ್ದ 1520ರ ಬೇಸಗೆಯಲ್ಲೇ ಸ್ಪೇನಿನ ದಂಡನಾಯಕ ಕೊರ್ಟೆಸ್ ಅಜ್ಟೆಕ್ ರಾಜಧಾನಿಯಿಂದ ರಾತ್ರೋರಾತ್ರಿ ಓಡಿಹೋಗಬೇಕಾಯಿತು. ಹಗ್ಗದ ಬಲತುದಿಗೆ ಬೇಕಲ ಕೋಟೆಯನ್ನು ಸಿಕ್ಕಿಸಿರಿ. ಹದಿನೇಳನೇ ಶತಮಾನದ ನಡುಭಾಗದಲ್ಲಿ ಇಕ್ಕೇರಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ಗುರುತಿಸಲಾಗುವ ಆ ಕೋಟೆ ಏಳುತ್ತಿದ್ದಾಗಲೂ ಗ್ವಾಟೆಮಾಲಾದ ಕಾಡಿನ ಸರೋವರವೊಂದರ ದ್ವೀಪದಲ್ಲಿ ಇಟ್ಸಾ ಮಾಯಾ ಜನರ ಸ್ವತಂತ್ರ ರಾಜ್ಯವೊಂದು ಉಳಿದಿತ್ತು. ಅದು ಬಿದ್ದದ್ದು 1697ರ ಮಾರ್ಚ್ 13ರಂದು. ಬೇಕಲಕ್ಕೆ ಪ್ರವಾಸ ಹೋಗಿ ಬಂದ ಮಕ್ಕಳಿಗೆ ಈ ಒಂದು ಚೀಟಿ ಉಳಿದೆಲ್ಲಕ್ಕಿಂತ ಹೆಚ್ಚು ನೆನಪಿರುತ್ತದೆ.

ನಕಾಶೆಯ ಕೆಲಸ ಬೇಗ ಮುಗಿಯುತ್ತದೆ. ಮಾಯಾ ಜನರದು ಯುಕಟಾನ್ ಪರ್ಯಾಯದ್ವೀಪ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸಿನ ಪಶ್ಚಿಮ ಅಂಚು. ಅಜ್ಟೆಕರದು ಮೆಕ್ಸಿಕೊದ ನಡುವಣ ಎತ್ತರದ ಕಣಿವೆ. ಇಂಕಾಗಳದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲು. ಟೆನೊಚ್ಟಿಟ್ಲಾನ್‌ನಿಂದ ಇಂಕಾ ರಾಜಧಾನಿ ಕುಸ್ಕೊಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ, ಇವೆರಡರ ನಡುವೆ ನೇರ ಸಂಪರ್ಕವಿತ್ತೆಂಬುದಕ್ಕೆ ಆಧಾರವಿಲ್ಲ. ಇಷ್ಟು ಹೇಳಿ ಮುಂದೆ ಹೋಗಬಹುದು.

ಮಾಯಾ: ಪಂಚಾಂಗದಿಂದ ಪ್ರವೇಶ

ಮೂರರಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಮಾಯಾ ನಾಗರಿಕತೆಗೆ, ಏಕೆಂದರೆ ಅವರ ರಾಜರ ಮಾತನ್ನು ಅವರದೇ ಲಿಪಿಯಲ್ಲಿ ಓದಲು ಸಾಧ್ಯವಿದೆ. ಶಾಸನಗಳನ್ನು ಕಂಡು ಗೊತ್ತಿರುವ ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ನಮ್ಮ ಶಾಸನದಲ್ಲಿ ಸಂವತ್ಸರದ ಹೆಸರೂ ಇರುತ್ತದೆ, ಶಕವರ್ಷವೂ ಇರುತ್ತದೆ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಶಕವರ್ಷ ಮಾತ್ರ ಹಿಂದಿರುಗದೆ ಏರುತ್ತಾ ಹೋಗುತ್ತದೆ. ಮಾಯಾ ಶಿಲಾಸ್ಮಾರಕದಲ್ಲೂ ಹೀಗೆಯೇ ಎರಡು ಎಣಿಕೆಗಳಿವೆ. 260 ದಿನಗಳ ಒಂದು ಚಕ್ರವೂ 365 ದಿನಗಳ ಇನ್ನೊಂದು ಚಕ್ರವೂ ಜೊತೆಯಾಗಿ ಉರುಳಿ 52 ವರ್ಷಗಳಿಗೊಮ್ಮೆ ಅದೇ ಜೋಡಿಗೆ ಮರಳುತ್ತವೆ. ಇದರ ಜೊತೆಗೆ ಕ್ರಿ.ಪೂ. 3114ರ ಆಗಸ್ಟ್ ತಿಂಗಳಿಂದ ದಿನದಿನವೂ ಒಂದೊಂದಾಗಿ ಕೂಡುತ್ತಾ ಬರುವ ದೀರ್ಘ ಎಣಿಕೆಯೂ ಇದೆ. ಮನೆಯಲ್ಲಿ ಪಂಚಾಂಗ ನೋಡುವ ಹಿರಿಯರಿರುವ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಇದನ್ನು ಕೈಯಲ್ಲಿ ಮಾಡಿಸಬೇಕು. ಹುಣಸೆಬೀಜ ಒಂದು ಎಂದೂ ಹಿಡಿಸೂಡಿಯ ಕಡ್ಡಿ ಐದು ಎಂದೂ ಕಡಲ ಚಿಪ್ಪು ಸೊನ್ನೆ ಎಂದೂ ಇಟ್ಟುಕೊಳ್ಳಿರಿ; ಮಾಯಾ ಲೆಕ್ಕದಲ್ಲೂ ಚುಕ್ಕೆ ಒಂದಕ್ಕೆ, ಗೆರೆ ಐದಕ್ಕೆ, ಚಿಪ್ಪಿನಂತಹ ಚಿಹ್ನೆ ಸೊನ್ನೆಗೆ. ಕುಂಬಳೆ, ಮಂಜೇಶ್ವರದ ಕಡೆಯ ಶಾಲೆಗಳಿಗೆ ಚಿಪ್ಪಿನ ಬರವೇನೂ ಇರಲಾರದು. ಈಗ ಪಕಾಲ್ ರಾಜನ ಮರಣದ ತೇದಿಯನ್ನು ನೆಲದ ಮೇಲೆ ಮೇಲಿಂದ ಕೆಳಕ್ಕೆ ಐದು ಸಾಲಾಗಿ ಜೋಡಿಸಲು ಹೇಳಿರಿ: 9, 12, 11, 5, 18. ಇದಕ್ಕೆ ಒಟ್ಟು ಒಂಬತ್ತು ಕಡ್ಡಿ, ಹತ್ತು ಬೀಜ ಸಾಕು. ಮೇಲಿನ ಸಾಲಿನ ಒಂದೊಂದಕ್ಕೆ 1,44,000 ದಿನ, ಎರಡನೆಯದಕ್ಕೆ 7,200, ಮೂರನೆಯದಕ್ಕೆ 360, ನಾಲ್ಕನೆಯದಕ್ಕೆ 20, ಕೊನೆಯದಕ್ಕೆ 1. ಗುಣಿಸಿ ಕೂಡಿದರೆ 13,86,478 ದಿನಗಳು ಬರುತ್ತವೆ. ಇದನ್ನು 365.2425ರಿಂದ ಭಾಗಿಸಿದರೆ 3,796 ವರ್ಷಗಳೂ ಹದಿನೇಳೆಂಟು ದಿನಗಳೂ ಆಗುತ್ತವೆ. 3,796ರಿಂದ 3,114 ಕಳೆದು 682 ಎಂದು ಮಕ್ಕಳು ಬರೆಯುವಾಗ ತಡೆಯಿರಿ: ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಮ್ಮ ಈಗಿನ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ, ಆದ್ದರಿಂದ ಒಂದು ಸೇರಿಸಬೇಕು. ಉತ್ತರ 683ರ ಆಗಸ್ಟ್ ತಿಂಗಳ ಕೊನೆ. ಎಂಬತ್ತು ವರ್ಷ ಬಾಳಿದ ಆ ಅರಸನ ಸಮಾಧಿಯನ್ನು ಪಾಲೆಂಕೆಯ ದೇಗುಲದ ಅಡಿಯಲ್ಲಿ 1952ರಲ್ಲಿ ಆಲ್ಬರ್ಟೊ ರುಸ್ ಎಂಬ ಪುರಾತತ್ವಜ್ಞರು ಕಂಡರು. ಸೊನ್ನೆಯನ್ನು ಬಳಸಿದ ಜನರ ತೇದಿಯನ್ನು ಸೊನ್ನೆಯಿಲ್ಲದ ಎಣಿಕೆಗೆ ಇಳಿಸುವಾಗ ಎಡವುವುದು ನಾವೇ ಎಂಬುದು ಗಣಿತದ ಅಧ್ಯಾಪಕರಿಗೂ ಇಷ್ಟವಾಗುವ ಸಂಗತಿ. ಸಾಧ್ಯವಾದರೆ ಈ ಪಾಠಕ್ಕೆ ಅವರನ್ನೂ ಕರೆದುಕೊಳ್ಳಿರಿ.

2012ರ ಡಿಸೆಂಬರ್‌ನಲ್ಲಿ ಪ್ರಪಂಚ ಮುಗಿಯುತ್ತದೆಂದು ಟಿ.ವಿ. ವಾಹಿನಿಗಳು ಅಬ್ಬರಿಸಿದ ಕಥೆಯನ್ನು ಇಲ್ಲಿಯೇ ಮುಗಿಸಬಹುದು. ಆ ವರ್ಷ ದೀರ್ಘ ಎಣಿಕೆಯ ಮೇಲಿನ ಸಾಲು 13ಕ್ಕೆ ತಿರುಗಿತು, ಅಷ್ಟೇ. ಆಗ ಹೆಚ್ಚಾಗಿ ತೋರಿಸಲಾದ ದುಂಡು ಕಲ್ಲು ಮಾಯಾ ಜನರದ್ದೂ ಅಲ್ಲ. ಅದು 1790ರಲ್ಲಿ ಮೆಕ್ಸಿಕೊ ನಗರದಲ್ಲಿ ಸಿಕ್ಕಿದ ಅಜ್ಟೆಕ್ ಸೂರ್ಯಶಿಲೆ.

ಏಳಿಗೆಯನ್ನು ಹೇಳುವಾಗ ಒಂದು ಎಚ್ಚರ ಬೇಕು: "ಮಾಯಾ ಸಾಮ್ರಾಜ್ಯ" ಎಂದು ಬರೆಸಬೇಡಿರಿ. ಒಬ್ಬ ಚಕ್ರವರ್ತಿ ಅವರೆಲ್ಲರನ್ನೂ ಎಂದೂ ಆಳಲಿಲ್ಲ. ತಿಕಾಲ್, ಕಲಕ್‌ಮುಲ್, ಪಾಲೆಂಕೆ, ಕೊಪಾನ್, ಕರಕೋಲ್ ಮುಂತಾದ ನಗರಗಳು ತಮ್ಮತಮ್ಮ ಅರಸರಡಿಯಲ್ಲಿ ಪರಸ್ಪರ ಕಾದಾಡುತ್ತಾ, ಹೆಣ್ಣು ಕೊಟ್ಟು ತರುತ್ತಾ, ದೊಡ್ಡವರ ನೆರಳಿಗೆ ಸಣ್ಣವರು ಸೇರುತ್ತಾ ಬೆಳೆದವು. 378ರಲ್ಲಿ ದೂರದ ಮೆಕ್ಸಿಕೊ ಕಣಿವೆಯ ತಿಯೋತಿವಾಕಾನ್‌ನೊಂದಿಗೆ ನಂಟಿದ್ದವರು ತಿಕಾಲ್‌ಗೆ ಬಂದು ಅಲ್ಲಿಯ ರಾಜವಂಶವನ್ನೇ ಬದಲಿಸಿದರು. ಅನಂತರದ ಶತಮಾನಗಳಲ್ಲಿ ತಿಕಾಲ್ ಮತ್ತು ಕಲಕ್‌ಮುಲ್ ನಡುವಿನ ಹಗೆ ಇಡೀ ಪ್ರದೇಶವನ್ನು ಎರಡು ಬಣವಾಗಿಸಿತು. 695ರಲ್ಲಿ ತಿಕಾಲ್ ಗೆದ್ದಿತು. ಕಾಡಿನ ಮೇಲಿಂದ ವಿಮಾನದಲ್ಲಿ ಲೇಸರ್ ಕಿರಣ ಹಾಯಿಸಿ ನಡೆಸಿದ ಸಮೀಕ್ಷೆ ಉತ್ತರ ಗ್ವಾಟೆಮಾಲಾದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತನ್ನು ತೋರಿಸಿತೆಂದು 2018ರಲ್ಲಿ ಪ್ರಕಟವಾಯಿತು. ದಟ್ಟ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ದೇಗುಲ ಎಂಬ ಹಳೆಯ ಚಿತ್ರವನ್ನು ಇದು ಅಳಿಸಿಹಾಕಿದೆ.

ಪತನದ ಭಾಗಕ್ಕೆ ಬಂದಾಗ "ನಿಗೂಢ ಕಣ್ಮರೆ" ಎಂಬ ಮಾತನ್ನು ಕಪ್ಪುಹಲಗೆಯ ಹತ್ತಿರ ಸುಳಿಯಗೊಡಬೇಡಿರಿ. ಎಂಟನೇ ಶತಮಾನದ ಕೊನೆಯಿಂದ ದಕ್ಷಿಣದ ತಗ್ಗುಪ್ರದೇಶದ ನಗರಗಳು ಒಂದೊಂದಾಗಿ ತೇದಿ ಕೆತ್ತುವುದನ್ನು ನಿಲ್ಲಿಸಿದವು: ಕೊಪಾನ್ 822, ತಿಕಾಲ್ 869, ತೊನಿನಾ 909. ಮಕ್ಕಳು ಈ ಮೂರು ಇಸವಿಗಳನ್ನು ಹಗ್ಗಕ್ಕೆ ಸಿಕ್ಕಿಸಿದರೆ ಇದು ಒಂದು ರಾತ್ರಿಯ ಪ್ರಳಯವಲ್ಲ, ಒಂದು ನೂರು ವರ್ಷದ ಕುಸಿತ ಎಂಬುದು ತಾನಾಗಿ ತಿಳಿಯುತ್ತದೆ. ಕಾರಣಗಳಲ್ಲಿ ಬರಗಾಲಕ್ಕೆ ಒಳ್ಳೆಯ ಪುರಾವೆಯಿದೆ. ಯುಕಟಾನಿನ ಚಿಚಾಂಕನಬ್ ಸರೋವರದಲ್ಲಿ ನೀರು ಆವಿಯಾದಷ್ಟೂ ಜಿಪ್ಸಮ್ ತಳಕ್ಕೆ ಇಳಿಯುತ್ತದೆ; ಆ ತಳದ ಕೆಸರಿನ ಪದರಗಳನ್ನು ಕೊರೆದು ತೆಗೆದಾಗ ಒಂಬತ್ತನೇ ಶತಮಾನದ ಸುತ್ತಿನ ಪದರದಲ್ಲಿ ಜಿಪ್ಸಮ್ ಹೆಚ್ಚಾಗಿ ಕಂಡುಬಂತು ಎಂದು 1995ರಲ್ಲಿ ವಿಜ್ಞಾನಿಗಳು ತೋರಿಸಿದರು. ತಿಕಾಲ್‌ಗೆ ನದಿಯಿರಲಿಲ್ಲ, ಮಳೆನೀರನ್ನು ಕಟ್ಟಿ ನಿಲ್ಲಿಸಿದ ಕೆರೆಗಳೇ ಅದರ ಆಧಾರ. ಆದರೆ ಬರ ಒಂದನ್ನೇ ಕಾರಣವಾಗಿ ಬರೆಸುವುದೂ ಸರಿಯಲ್ಲ. ಬರಕ್ಕೆ ಮೊದಲೇ ಯುದ್ಧಗಳು ಹೆಚ್ಚಿದ್ದವು, ಕಾಡು ಕಡಿದು ಮೆಕ್ಕೆಜೋಳ ಬೆಳೆದ ಇಳಿಜಾರುಗಳ ಮಣ್ಣು ಸವೆದಿತ್ತು, ಮಳೆಗೂ ಬೆಳೆಗೂ ತಾನೇ ದೇವರೊಡನೆ ಹೊಣೆಯೆಂದು ಹೇಳಿಕೊಂಡ ಅರಸನ ಮೇಲೆ ಜನರ ನಂಬಿಕೆ ಕುಸಿದಿರಬೇಕು. ಒಂದೇ ಕಾರಣ ಕೇಳುವ ಪ್ರಶ್ನೆ ಬಂದರೆ ಪ್ರಶ್ನೆಯನ್ನೇ ತಿದ್ದಿರಿ.

ಇಷ್ಟಾದ ಮೇಲೂ ಮಾಯಾ ಕಥೆ ಮುಗಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಕ್ಷಿಣ ಬರಿದಾದಾಗ ಉತ್ತರದಲ್ಲಿ ಚಿಚೆನ್ ಇಟ್ಸಾ ಬೆಳಗಿತು. ಅನಂತರ ಮಾಯಪಾನ್ ಹದಿನೈದನೇ ಶತಮಾನದ ನಡುವಿನವರೆಗೆ ಬಾಳಿತು. ಸ್ಪೇನಿನವರು ಮೆರಿಡಾ ನಗರವನ್ನು ಸ್ಥಾಪಿಸಿದ್ದು 1542ರಲ್ಲಿ, ಕೊನೆಯ ಇಟ್ಸಾ ರಾಜ್ಯವನ್ನು ಹಿಡಿಯಲು ಅವರಿಗೆ ಇನ್ನೂ ಒಂದೂವರೆ ಶತಮಾನ ಹಿಡಿಯಿತು. 1562ರ ಜುಲೈಯಲ್ಲಿ ಮನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ಸುಡಿಸಿದ. ಇಂದು ಉಳಿದಿರುವ ಹಳೆಯ ಮಾಯಾ ಪುಸ್ತಕಗಳು ನಾಲ್ಕೇ. ವಿಚಿತ್ರವೆಂದರೆ, ಅದೇ ಲಾಂಡಾ ಬರೆದಿಟ್ಟ ಅರೆಬರೆ ಅಕ್ಷರಪಟ್ಟಿಯ ಸಹಾಯದಿಂದ 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಆ ಲಿಪಿ ಧ್ವನಿಗಳನ್ನು ಸೂಚಿಸುತ್ತದೆಂದು ತೋರಿಸಿ ಓದುವ ದಾರಿ ತೆರೆದರು. ಇಂದಿಗೂ ಸುಮಾರು ಮೂವತ್ತು ಮಾಯಾ ಭಾಷೆಗಳನ್ನು ಲಕ್ಷಾಂತರ ಜನ ಮನೆಯಲ್ಲಿ ಆಡುತ್ತಾರೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ "ಮಾಯಾ ಜನರು ಅಳಿದರು" ಎಂಬ ವಾಕ್ಯ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ದಕ್ಷಿಣದ ನಗರಗಳ ರಾಜ್ಯಾಡಳಿತ ಕುಸಿಯಿತು" ಎಂದು ಬರೆಸಬೇಕು.

ಅಜ್ಟೆಕ್: ಕೊಕ್ಕೋ ಕಾಯಿ ಒಡೆದು ಆರಂಭಿಸಿರಿ

ಅಡಿಕೆ ತೋಟವಿರುವ ಮನೆಯ ಮಗುವಿನಿಂದ ಮೂರು ಕೊಕ್ಕೋ ಕಾಯಿ ತರಿಸಿರಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ಇದೇನೂ ಕಷ್ಟವಲ್ಲ. ಒಡೆದು, ಬಿಳಿ ತಿರುಳನ್ನು ಚೀಪಿ ಮುಗಿಸಲು ಮಕ್ಕಳಿಗೆ ಬಿಟ್ಟು, ಉಳಿದ ಬೀಜ ಎಣಿಸಲು ಹೇಳಿರಿ. ಒಂದು ಕಾಯಿಯಲ್ಲಿ ಮೂವತ್ತು ನಲುವತ್ತು ಬೀಜ, ಮೂರರಲ್ಲಿ ಸುಮಾರು ನೂರು. ಆ ನಾಡಿನ ಸಂತೆಗಳಲ್ಲಿ ಈ ಬೀಜವೇ ಚಿಲ್ಲರೆ ಹಣವಾಗಿತ್ತು. 1545ರ ತ್ಲಾಶ್ಕಾಲಾದ ಬೆಲೆಪಟ್ಟಿಯೊಂದರಲ್ಲಿ ದೊಡ್ಡ ಟೊಮೆಟೊಗೆ ಒಂದು ಬೀಜ, ಹೆಣ್ಣು ಟರ್ಕಿ ಕೋಳಿಗೆ ನೂರು ಬೀಜ ಎಂದಿದೆ. ಸಿಪ್ಪೆಯೊಳಗೆ ಮಣ್ಣು ತುಂಬಿ ಖೋಟಾ ಬೀಜ ಮಾಡುವವರೂ ಇದ್ದರು ಎಂದರೆ ತರಗತಿ ನಗುತ್ತದೆ, ಮತ್ತು ಮುಂದಿನ ಪ್ರಶ್ನೆಗೆ ಕಿವಿಗೊಡುತ್ತದೆ: ಕೊಕ್ಕೋ ಬೆಳೆಯದ ಎತ್ತರದ ತಂಪು ಕಣಿವೆಯಲ್ಲಿದ್ದ ಅಜ್ಟೆಕರಿಗೆ ಇಷ್ಟು ಬೀಜ ಎಲ್ಲಿಂದ ಬರುತ್ತಿತ್ತು? ಉತ್ತರ ಕಪ್ಪಕಾಣಿಕೆ. ಆ ಸಾಮ್ರಾಜ್ಯದ ಬಲವೂ ಅದೇ, ದೌರ್ಬಲ್ಯವೂ ಅದೇ.

ಮೆಶಿಕಾ ಎಂಬ ಈ ಜನ ಉತ್ತರದಿಂದ ಬಂದು, ಬೇರೆಯವರು ಬಿಟ್ಟ ತೆಶ್ಕೋಕೋ ಸರೋವರದ ಜೌಗು ದ್ವೀಪದಲ್ಲಿ ನೆಲೆಯಾದರು. ಮೊದಲು ಅಸ್ಕಪೊತ್ಸಾಲ್ಕೊ ಎಂಬ ನಗರಕ್ಕೆ ಅಡಿಯಾಳಾಗಿದ್ದ ಅವರು 1428ರಲ್ಲಿ ತೆಶ್ಕೋಕೋ ಮತ್ತು ತ್ಲಾಕೋಪಾನ್ ನಗರಗಳೊಂದಿಗೆ ಕೂಡಿ ಅದನ್ನು ಉರುಳಿಸಿದರು; ಈ ಮೂರು ನಗರಗಳ ಕೂಟವೇ ನಾವು ಅಜ್ಟೆಕ್ ಸಾಮ್ರಾಜ್ಯ ಎನ್ನುವುದು. ಸರೋವರದ ಆಳವಿಲ್ಲದ ಭಾಗದಲ್ಲಿ ಕೆಸರನ್ನೂ ಜೊಂಡನ್ನೂ ಪೇರಿಸಿ, ಅಂಚಿಗೆ ಮರ ನೆಟ್ಟು ಗಟ್ಟಿಮಾಡಿದ ಚಿನಾಂಪಾ ಗದ್ದೆಗಳು ನಗರಕ್ಕೆ ವರ್ಷವಿಡೀ ಬೆಳೆ ಕೊಟ್ಟವು. ಇವನ್ನು "ತೇಲುವ ತೋಟ" ಎಂದು ಅನೇಕ ಕಡೆ ಬರೆದಿರುತ್ತಾರೆ. ಅವು ತೇಲುತ್ತಿರಲಿಲ್ಲ, ತಳಕ್ಕೆ ಊರಿದ್ದವು. ಸರೋವರದ ಆ ಭಾಗದ ನೀರು ಉಪ್ಪಾಗಿದ್ದುದರಿಂದ ಕುಡಿಯುವ ನೀರು ಚಪುಲ್ತೆಪೆಕ್ ಗುಡ್ಡದಿಂದ ಕಾಲುವೆಯಲ್ಲಿ ಬರುತ್ತಿತ್ತು. ಇದನ್ನು ನೆನಪಿನಲ್ಲಿಡಲು ಹೇಳಿರಿ, ಮುತ್ತಿಗೆಯ ವೇಳೆ ಮೊದಲು ಕಡಿದದ್ದು ಇದನ್ನೇ.

ನರಬಲಿಯ ವಿಷಯವನ್ನು ಬಿಡುವಂತಿಲ್ಲ, ಬಣ್ಣ ಹಚ್ಚುವಂತೆಯೂ ಇಲ್ಲ. ಬಲಿ ನಡೆಯುತ್ತಿತ್ತು ಎಂಬುದಕ್ಕೆ ಮಹಾದೇಗುಲದ ಬಳಿ ಉತ್ಖನನದಲ್ಲಿ ಸಿಕ್ಕಿದ ತಲೆಬುರುಡೆಗಳ ಸಾಲೇ ಸಾಕ್ಷಿ. ಆದರೆ 1487ರ ದೇಗುಲ ಸಮರ್ಪಣೆಯಲ್ಲಿ ಎಂಬತ್ತು ಸಾವಿರ ಜನರನ್ನು ಬಲಿಕೊಟ್ಟರೆಂಬ ಹಳೆಯ ಸಂಖ್ಯೆಯನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಈ ಎರಡು ಮಾತು ಸಾಕು.

ಪತನವನ್ನು ಹೇಳುವಾಗ ಮೊದಲು ಒಂದು ಆಟ ಆಡಿಸಿರಿ. ತುಳು ಮಾತ್ರ ಆಡುವ ಒಬ್ಬ, ತುಳುವೂ ಕನ್ನಡವೂ ಬಲ್ಲ ಒಬ್ಬ, ಕನ್ನಡವೂ ಮಲಯಾಳವೂ ಬಲ್ಲ ಒಬ್ಬಳು, ಮಲಯಾಳ ಮಾತ್ರ ಆಡುವ ಒಬ್ಬಳು, ಹೀಗೆ ನಾಲ್ವರನ್ನು ನಿಲ್ಲಿಸಿ ಒಂದು ಸಂದೇಶವನ್ನು ಈ ತುದಿಯಿಂದ ಆ ತುದಿಗೆ ದಾಟಿಸಲಿ. ಇಂತಹ ನಾಲ್ವರನ್ನು ಹುಡುಕಲು ನಮ್ಮ ಜಿಲ್ಲೆಯಲ್ಲಿ ತರಗತಿ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. 1519ರಲ್ಲಿ ಮೆಕ್ಸಿಕೊ ತೀರದಲ್ಲಿ ಇಳಿದ ಕೊರ್ಟೆಸ್‌ನ ಮಾತು ಅಜ್ಟೆಕರಿಗೆ ಮುಟ್ಟಿದ್ದು ಹೀಗೆಯೇ: ಹಡಗೊಡೆದು ವರ್ಷಗಟ್ಟಲೆ ಯುಕಟಾನಿನಲ್ಲಿದ್ದ ಆಗಿಲಾರ್ ಸ್ಪ್ಯಾನಿಷ್ ಮಾತನ್ನು ಮಾಯಾ ಭಾಷೆಗೆ ತಿರುಗಿಸಿದ, ಕೊರ್ಟೆಸ್‌ಗೆ ದಾಸಿಯಾಗಿ ಕೊಡಲ್ಪಟ್ಟಿದ್ದ ಮಲಿಂಚೆ ಎಂಬ ತರುಣಿ ಅದನ್ನು ಮಾಯಾದಿಂದ ಅಜ್ಟೆಕರ ನಾವಾಟ್ಲ್ ಭಾಷೆಗೆ ತಿರುಗಿಸಿದಳು. ಕಪ್ಪ ಕೊಟ್ಟು ಬೇಸತ್ತ ಊರುಗಳ ಅಸಮಾಧಾನ ಕೊರ್ಟೆಸ್‌ನ ಕಿವಿಗೆ ಬಿದ್ದದ್ದು ಈ ದಾರಿಯಿಂದಲೇ, ಅವನ ಮುಂದಿನ ಎಲ್ಲ ಲೆಕ್ಕಾಚಾರ ನಿಂತದ್ದು ಅದರ ಮೇಲೆಯೇ.

ಅನಂತರದ ಘಟನೆಗಳನ್ನು ಕ್ರಮ ತಪ್ಪದೆ ಹೇಳಬೇಕು, ಏಕೆಂದರೆ ಇಲ್ಲಿ ಕ್ರಮವೇ ಕಾರಣವನ್ನು ತೋರಿಸುತ್ತದೆ. ಅಜ್ಟೆಕರಿಗೆ ಎಂದೂ ಮಣಿಯದ ತ್ಲಾಶ್ಕಾಲಾ ರಾಜ್ಯ ಮೊದಲು ಕೊರ್ಟೆಸ್‌ನೊಂದಿಗೆ ಕಾದಾಡಿ, ಅನಂತರ ಅವನ ಮಿತ್ರನಾಯಿತು. 1519ರ ನವೆಂಬರ್ 8ರಂದು ಅವನು ಟೆನೊಚ್ಟಿಟ್ಲಾನ್ ಪ್ರವೇಶಿಸಿ, ಸತ್ಕರಿಸಿದ ಅರಸ ಮೊಕ್ಟೆಸುಮಾನನ್ನೇ ಸೆರೆಯಲ್ಲಿಟ್ಟ. 1520ರ ಮೇ ತಿಂಗಳಲ್ಲಿ ಅವನ ಅಧೀನ ಅಧಿಕಾರಿ ಅಲ್ವರಾಡೊ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಕೊಲ್ಲಿಸಿದ್ದರಿಂದ ನಗರ ದಂಗೆಯೆದ್ದಿತು; ಜೂನ್ 30ರ ರಾತ್ರಿ ಸ್ಪೇನಿನವರು ಭಾರೀ ನಷ್ಟದೊಂದಿಗೆ ಓಡಿಹೋದರು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ವರ್ಷ ಸಿಡುಬು ನಗರಕ್ಕೆ ನುಗ್ಗಿತು. ಆ ರೋಗವನ್ನು ಹಿಂದೆಂದೂ ಕಾಣದ ಜನರಲ್ಲಿ ಅದಕ್ಕೆ ಪ್ರತಿರೋಧವೇ ಇರಲಿಲ್ಲ, ಹೊಸ ಅರಸ ಕ್ವಿಟ್ಲಾವಾಕ್ ಕೂಡ ಅದರಿಂದಲೇ ಸತ್ತ. ಕೊರ್ಟೆಸ್ ತ್ಲಾಶ್ಕಾಲಾದಲ್ಲಿ ಸುಧಾರಿಸಿಕೊಂಡು, ಹದಿಮೂರು ಸಣ್ಣ ಯುದ್ಧನೌಕೆಗಳನ್ನು ಬಿಡಿಬಿಡಿಯಾಗಿ ಹೊರಿಸಿ ತಂದು ಸರೋವರಕ್ಕಿಳಿಸಿ, ಸಾವಿರಕ್ಕೂ ಕಡಿಮೆ ಸ್ಪೇನಿನವರು ಮತ್ತು ಹತ್ತಾರು ಸಾವಿರ ಸ್ಥಳೀಯ ಮಿತ್ರರೊಂದಿಗೆ ನಗರವನ್ನು ಮುತ್ತಿದ. ಕುಡಿಯುವ ನೀರು ಕಡಿದು, ಮನೆಮನೆಯನ್ನೂ ಕೆಡವಿದ ಮೇಲೆ 1521ರ ಆಗಸ್ಟ್ 13ರಂದು ಕೊನೆಯ ಅರಸ ಕ್ವೌಟೆಮೋಕ್ ಸೆರೆಸಿಕ್ಕ. "ಐನೂರು ಜನ ಒಂದು ಸಾಮ್ರಾಜ್ಯವನ್ನು ಗೆದ್ದರು" ಎಂಬ ಮಾತು ಗೆದ್ದವರಿಗೆ ಹಿತವಾಗಿತ್ತು. ತ್ಲಾಶ್ಕಾಲಾದವರನ್ನು ಲೆಕ್ಕಕ್ಕೆ ಹಿಡಿಯದೆ ಅದನ್ನು ಬರೆಸುವುದು ಇತಿಹಾಸವಲ್ಲ.

ಇಂಕಾ: ಗಂಟು ಹಾಕಿ ಲೆಕ್ಕ ಇಡುವುದು

ಇಂಕಾಗಳಿಗೆ ನಾವು ಬರವಣಿಗೆ ಎನ್ನುವಂಥದ್ದು ಇರಲಿಲ್ಲ. ಆದರೂ ಇಂದಿನ ಕೊಲಂಬಿಯಾದ ದಕ್ಷಿಣದಿಂದ ಚಿಲಿಯ ನಡುವಿನವರೆಗೆ ಹರಡಿದ ಸಾಮ್ರಾಜ್ಯದ ಲೆಕ್ಕವನ್ನು ಕಿಪು ಎಂಬ ಗಂಟುದಾರಗಳಲ್ಲಿ ಇಟ್ಟರು. ಒಂದು ಅಡ್ಡ ಹಗ್ಗ, ಅದಕ್ಕೆ ಇಳಿಬಿಟ್ಟ ದಾರಗಳು. ದಾರದ ಮೇಲ್ಭಾಗದಲ್ಲಿ ನೂರು, ನಡುವೆ ಹತ್ತು, ತುದಿಯಲ್ಲಿ ಬಿಡಿ. ಮಕ್ಕಳಿಗೆ 347 ಎಂದು ಕಟ್ಟಲು ಹೇಳಿರಿ: ಮೇಲೆ ಮೂರು ಸಾದಾ ಗಂಟು, ಸ್ವಲ್ಪ ಕೆಳಗೆ ನಾಲ್ಕು, ತುದಿಯಲ್ಲಿ ಏಳು ಸುತ್ತಿನ ಒಂದು ಉದ್ದ ಗಂಟು. 305 ಕಟ್ಟುವಾಗ ಹತ್ತರ ಜಾಗವನ್ನು ಖಾಲಿ ಬಿಡಬೇಕು. ಆ ಖಾಲಿಯೇ ಸೊನ್ನೆ. ಬಿಡಿಗೆ ಮಾತ್ರ ಬೇರೆ ಬಗೆಯ ಗಂಟು ಏಕೆ ಎಂದು ಯಾವುದಾದರೂ ಮಗು ಕೇಳಿದರೆ ಒಳ್ಳೆಯದಾಯಿತು: ಒಂದೇ ದಾರದಲ್ಲಿ ಎರಡು ಸಂಖ್ಯೆಗಳಿದ್ದರೆ ಒಂದು ಎಲ್ಲಿ ಮುಗಿಯಿತೆಂದು ಅದರಿಂದ ಗೊತ್ತಾಗುತ್ತದೆ. ನೂಲಿಗಿಂತ ದಪ್ಪ ಸಣಬಿನ ದಾರ ಈ ಕೆಲಸಕ್ಕೆ ಅನುಕೂಲ. ತೆಂಗಿನ ನಾರಿನ ಹಗ್ಗದಲ್ಲಿ ಗಂಟು ಬಿಗಿಯುವುದಿಲ್ಲ, ಕೈಯೂ ಉರಿಯುತ್ತದೆ.

ಎಣಿಸುತ್ತಿದ್ದದ್ದು ಏನನ್ನು ಎಂಬುದು ಮುಂದಿನ ಹೆಜ್ಜೆ. ಅಲ್ಲಿ ತೆರಿಗೆಯನ್ನು ಹಣದಲ್ಲಿ ವಸೂಲು ಮಾಡುತ್ತಿರಲಿಲ್ಲ, ಸರದಿಯ ದುಡಿಮೆಯಾಗಿ ಪಡೆಯುತ್ತಿದ್ದರು. ಅದಕ್ಕೆ ಮಿತಾ ಎಂದು ಹೆಸರು. ಆ ದುಡಿಮೆಯಿಂದ ಮೂವತ್ತು ಸಾವಿರ ಕಿಲೋಮೀಟರಿನಷ್ಟು ರಸ್ತೆಗಳು, ದಾರಿಯುದ್ದಕ್ಕೂ ತಂಗುದಾಣಗಳು, ಮೆಕ್ಕೆಜೋಳವನ್ನೂ ಬೆಟ್ಟದ ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಬಟಾಟೆಯನ್ನೂ ತುಂಬಿಟ್ಟ ಉಗ್ರಾಣಗಳು, ಇಳಿಜಾರುಗಳಲ್ಲಿ ಮೆಟ್ಟಿಲುಗದ್ದೆಗಳು ಎದ್ದವು. ಬಂಡಿಯಿಲ್ಲ, ಕಬ್ಬಿಣವಿಲ್ಲ, ಕುದುರೆಯಿಲ್ಲ. ಓಟಗಾರರು ಸರದಿಯಂತೆ ಸುದ್ದಿ ಮುಟ್ಟಿಸುತ್ತಿದ್ದರು. ಸುಮಾರು 1438ರಲ್ಲಿ ಚಾಂಕಾ ಜನರ ದಾಳಿಯನ್ನು ಹಿಮ್ಮೆಟ್ಟಿಸಿ ಪಟ್ಟಕ್ಕೆ ಬಂದನೆಂದು ಹೇಳಲಾಗುವ ಪಚಕುಟಿಯ ಕಾಲದಿಂದ ಈ ವಿಸ್ತರಣೆ ಆರಂಭವಾಯಿತು. ಬೆಟ್ಟದ ಮೇಲಿನ ಮಾಚು ಪಿಚು ಅವನ ಸ್ವಂತ ಅರಮನೆ ನೆಲೆಯೇ ಹೊರತು ಕಳೆದುಹೋದ ರಾಜಧಾನಿಯಲ್ಲ.

ಪತನದ ಬೀಜ ಮೊಳೆತದ್ದು ಉತ್ತರಾಧಿಕಾರದಲ್ಲಿ. 1527ರ ಹೊತ್ತಿಗೆ ಅರಸ ಹುವಾಯ್ನಾ ಕಪಾಕ್ ಸತ್ತ. ಸ್ಪೇನಿನವರಿಗಿಂತ ಮುಂಚಿತವಾಗಿಯೇ ಅಲ್ಲಿಗೆ ತಲುಪಿದ್ದ ಸಿಡುಬೇ ಕಾರಣವೆಂದು ಅನೇಕರ ಅಭಿಪ್ರಾಯ. ಮಕ್ಕಳಾದ ಹುವಾಸ್ಕರ್ ಮತ್ತು ಅಟಹುವಾಲ್ಪಾ ರಾಜ್ಯಕ್ಕಾಗಿ ಕಾದಾಡಿದರು. ಅಟಹುವಾಲ್ಪಾ ಗೆದ್ದು ಕುಸ್ಕೊ ಕಡೆಗೆ ಹೊರಟಿದ್ದಾಗಲೇ, 1532ರ ನವೆಂಬರ್ 16ರಂದು, ಕಹಮಾರ್ಕಾದ ಚೌಕದಲ್ಲಿ ಪಿಸಾರೊನ 168 ಜನ ಅವನನ್ನು ಹಿಡಿದರು; ಅವನ ಜೊತೆ ಚೌಕಕ್ಕೆ ಬಂದವರ ಕೈಯಲ್ಲಿ ಯುದ್ಧದ ಆಯುಧಗಳಿರಲಿಲ್ಲ. ಬಿಡುಗಡೆಗಾಗಿ ಅವನು ಸುಮಾರು ಏಳು ಮೀಟರ್ ಉದ್ದ ಐದು ಮೀಟರ್ ಅಗಲದ ಕೋಣೆಯನ್ನು ಎತ್ತಿದ ಕೈ ಮುಟ್ಟುವಷ್ಟು ಎತ್ತರಕ್ಕೆ ಒಮ್ಮೆ ಚಿನ್ನದಿಂದ, ಎರಡು ಸಲ ಬೆಳ್ಳಿಯಿಂದ ತುಂಬಿಸುವೆನೆಂದ. ಕೋಣೆಯ ಅಳತೆಯನ್ನು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿಸಿ ತೋರಿಸಿರಿ. ಒಪ್ಪಂದದ ಸಂಪತ್ತು ಬಂತು, ಸೆರೆಯಲ್ಲಿದ್ದ ಹುವಾಸ್ಕರನನ್ನು ಅಟಹುವಾಲ್ಪಾನ ಕಡೆಯವರು ಕೊಂದರು, 1533ರಲ್ಲಿ ಅಟಹುವಾಲ್ಪಾನನ್ನು ಸ್ಪೇನಿನವರು ಕೊಂದರು. ಇಲ್ಲಿಯೂ ಇಂಕಾ ಆಳ್ವಿಕೆಗೆ ಒಳಗಾಗಿ ನೊಂದಿದ್ದ ಕನ್ಯಾರಿ ಮೊದಲಾದ ಜನ ಹೊಸಬರ ಪಕ್ಷ ವಹಿಸಿದರು.

ಪಾಠವನ್ನು 1533ಕ್ಕೆ ನಿಲ್ಲಿಸುವುದು ರೂಢಿ, ನಿಲ್ಲಿಸಬಾರದು. ಸ್ಪೇನಿನವರೇ ಪಟ್ಟ ಕಟ್ಟಿದ್ದ ಇಂಕಾ ರಾಜಕುಮಾರ ಮಾಂಕೊ 1536ರಲ್ಲಿ ಅವರ ವಿರುದ್ಧವೇ ತಿರುಗಿಬಿದ್ದು ಕುಸ್ಕೊವನ್ನು ತಿಂಗಳುಗಟ್ಟಲೆ ಮುತ್ತಿದ, ಸೋತ ಮೇಲೆ ವಿಲ್ಕಬಾಂಬಾದ ಕಾಡುಬೆಟ್ಟಗಳಲ್ಲಿ ರಾಜ್ಯ ಕಟ್ಟಿದ. ಅದರ ಕೊನೆಯ ಅರಸ ತುಪಾಕ್ ಅಮಾರುವಿನ ತಲೆ ಕಡಿದದ್ದು 1572ರಲ್ಲಿ, ತಾಳಿಕೋಟೆ ಯುದ್ಧವಾಗಿ ಏಳು ವರ್ಷಗಳ ಮೇಲೆ. ಇಂಕಾಗಳ ಮಿತಾ ಪದ್ಧತಿಯನ್ನು ಸ್ಪೇನಿನವರು ಹೆಸರು ಬದಲಿಸದೆ ಉಳಿಸಿಕೊಂಡು, ಪೊಟೊಸಿಯ ಬೆಳ್ಳಿ ಗಣಿಗಳಿಗೆ ಜನರನ್ನು ದಬ್ಬಲು ಬಳಸಿದರು.

ಪ್ರದರ್ಶನ ಮತ್ತು ಪ್ರಶ್ನೆಪತ್ರಿಕೆ

ಶಾಸ್ತ್ರೋತ್ಸವಕ್ಕೆ ಮಾದರಿ ಮಾಡುವವರು ಥರ್ಮಕೋಲಿನ ಪಿರಮಿಡ್ಡಿಗೆ ಚಿನ್ನದ ಬಣ್ಣ ಬಳಿದು ಮೂರೂ ಹೆಸರುಗಳ ಫಲಕ ನಿಲ್ಲಿಸುವುದುಂಟು. ಅದರ ಬದಲು ಒಂದನ್ನೇ ಆರಿಸಿಕೊಳ್ಳಿರಿ. ನೀರು ತುಂಬಿದ ತಟ್ಟೆಯಲ್ಲಿ ಟೆನೊಚ್ಟಿಟ್ಲಾನ್ ದ್ವೀಪ, ದಡಕ್ಕೆ ಮೂರು ಏರಿದಾರಿ, ಒಂದು ಕುಡಿಯುವ ನೀರಿನ ಕಾಲುವೆ, ಅಂಚಿನಲ್ಲಿ ಚಿನಾಂಪಾ, ಇಷ್ಟನ್ನು ತೋರಿಸಿದರೆ ನಗರ ಏಕೆ ಬಲವಾಗಿತ್ತು, ಹೇಗೆ ಬಿತ್ತು ಎಂಬ ಎರಡಕ್ಕೂ ಅದೇ ತಟ್ಟೆಯಿಂದ ಉತ್ತರ ಕೊಡಬಹುದು; ತೀರ್ಪುಗಾರರು ಕೇಳುವುದೂ ಅದನ್ನೇ.

ಪ್ರಶ್ನೆಪತ್ರಿಕೆಯಲ್ಲಿ "ಮೂರು ನಾಗರಿಕತೆಗಳ ಪತನಕ್ಕೆ ಕಾರಣಗಳನ್ನು ಬರೆಯಿರಿ" ಎಂದು ಕೇಳಿದರೆ ಮೊದಲು ಹೇಳಿದ ಆ ಒಂದೇ ವಾಕ್ಯ ಮರಳಿ ಬರುತ್ತದೆ. "822ರ ನಂತರ ಕೊಪಾನ್‌ನಲ್ಲಿ ತೇದಿಯಿರುವ ಸ್ಮಾರಕ ಏಕೆ ಸಿಗುವುದಿಲ್ಲ?", "ತ್ಲಾಶ್ಕಾಲಾ ಕೊರ್ಟೆಸ್‌ನ ಪಕ್ಷ ವಹಿಸಲು ಏನು ಕಾರಣ?", "ಹುವಾಯ್ನಾ ಕಪಾಕ್ ಇನ್ನೂ ಹತ್ತು ವರ್ಷ ಬದುಕಿದ್ದರೆ ಕಹಮಾರ್ಕಾದಲ್ಲಿ ಏನಾಗುತ್ತಿತ್ತು?" ಎಂದು ಬಿಡಿಸಿ ಕೇಳಿರಿ. ಮೂರನೆಯದಕ್ಕೆ ಒಂದೇ ಸರಿಯುತ್ತರವಿಲ್ಲದ ಕಾರಣ, ಕೊಟ್ಟ ಉತ್ತರಕ್ಕೆ ಆಧಾರವಾಗಿ ಮಗು ಎಷ್ಟು ಸಂಗತಿಗಳನ್ನು ಸರಿಯಾಗಿ ಎತ್ತಿಕೊಂಡಿದೆ ಎಂಬುದನ್ನು ನೋಡಿ ಅಂಕ ಹಾಕಬೇಕು.